ಎರಡನೇ ಚಮಚ

ನ್ಯಾಯ ಅಂದರೆ ನ್ಯಾಯ! ಕಟ್ಟಿಕೊಂಡ ಹೆಂಡತಿಯೇ ಮಾಡಿರಲಿ, ಮೇಲಿನ ಮನೆಯವರೇ ಮಾಡಿರಲಿ, ಕೇಕ್ ಚೆನ್ನಾಗಿದ್ದರೆ ಚೆನ್ನಾಗಿದೆ, ಇಲ್ಲದಿದ್ದರೆ ಇಲ್ಲ. ನನ್ನ ನಾಲಿಗೆಗೆ ನೆಂಟರಿಲ್ಲ, ಇಷ್ಟರಿಲ್ಲ! ಹೀಗೆಂದು ನಮ್ಮ ಕಟ್ಟಡದ ಸಮಸ್ತರ ಎದುರು, ಸೋಫಾದಿಂದ ಎದ್ದು ನಿಂತು, ಎದೆ ತಟ್ಟಿಕೊಂಡು ನಾನು ಸಾರಿದ ದಿನ ನನ್ನ ಹಲ್ಲುಗಳೆಲ್ಲ ಅವವುಗಳ ಜಾಗದಲ್ಲೇ ಇದ್ದವು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಆದ ಅನಾಹುತಕ್ಕೆಲ್ಲ ಮೂಲ ಒಂದು ಹಲ್ಲು.

ನಾನು ಹಲ್ಲಿನ ಡಾಕ್ಟರು. ಮನೆಯಿಂದ ಎರಡು ಬೀದಿ ಆಚೆ ನನ್ನ ಕ್ಲಿನಿಕ್ಕು. ನಮ್ಮ ಕಟ್ಟಡದಲ್ಲಿ ನನ್ನ ಕುರ್ಚಿಯಲ್ಲಿ ಮಲಗಿ ಬಾಯಿ ತೆರೆಯದವರು ಯಾರೂ ಇಲ್ಲ. ಯಾರ ಯಾವ ಹಲ್ಲು ಹುಳುಕು, ಯಾರ ಯಾವ ಹಲ್ಲಿಗೆ ಕ್ಯಾಪ್ ಕೂತಿದೆ ಎಂಬುದು ನನಗೆ ಬಾಯಿಪಾಠ. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಮನೆಯಲ್ಲೂ ಅವಳೇ ಮೇಡಂ.

ಶನಿವಾರ ಸಂಜೆಯಾದರೆ ಕಟ್ಟಡಕ್ಕೆ ಕಟ್ಟಡವೇ ಕುರ್ಚಿ ಹೊತ್ತುಕೊಂಡು ಕೆಳಮನೆಗೆ ಇಳಿಯುತ್ತಿತ್ತು. ಕೆಳಮನೆಯಲ್ಲಿರುವವರು ಗಾರ್ಡ್ ಮಾವ. ರೈಲಿನ ಗಾರ್ಡಾಗಿ ನಿವೃತ್ತರಾದವರು, ಯಾರಿಗೂ ಸ್ವಂತ ಮಾವನಲ್ಲ, ಆದರೂ ಎಲ್ಲರಿಗೂ ಮಾವ. ಗೋಡೆ ತುಂಬುವಂಥ ಟಿವಿ ಇದ್ದದ್ದು ಅವರ ಮನೆಯಲ್ಲಿ ಮಾತ್ರ. ಅದರಲ್ಲಿ ಮೊದಲು ಅರ್ಧ ಗಂಟೆ ಒಂದು ಬ್ರಿಟಿಷ್ ಕಾಮಿಡಿ, ಆಮೇಲೆ ಒಂದು ಗಂಟೆ ಬ್ರಿಟಿಷರದೇ ಅಡುಗೆ ಸ್ಪರ್ಧೆ. ನೋಡುವುದು ಒಂದೂವರೆ ಗಂಟೆ, ಅದರ ಬಗ್ಗೆ ಮಾತಾಡುವುದು ಮುಂದಿನ ಶನಿವಾರದವರೆಗೆ.

ಕಾಮಿಡಿಯಲ್ಲಿ ಇಬ್ಬರು ನೆರೆಮನೆಯವರು. ಒಬ್ಬನ ಸೇಬಿನ ಮರದ ಎಲೆ ಇನ್ನೊಬ್ಬನ ಅಂಗಳಕ್ಕೆ ಉದುರುತ್ತದೆ. ಅಷ್ಟಕ್ಕೇ ವರ್ಷಗಟ್ಟಲೆ ಜಗಳ. ಆದರೆ ಒಂದು ಬೈಗುಳವಿಲ್ಲ, ಒಂದು ಏರುದನಿಯಿಲ್ಲ. ಜಗಳವೆಲ್ಲ 'ದಯವಿಟ್ಟು', 'ಕ್ಷಮಿಸಿ', 'ಬಹಳ ಸಂತೋಷ'ಗಳಲ್ಲೇ ನಡೆಯುತ್ತದೆ. ಅದನ್ನು ನಮಗೆ ಬಿಡಿಸಿ ಹೇಳುವ ಜವಾಬ್ದಾರಿ ಮೇಲಿನ ಮನೆಯ ಬ್ಯಾಂಕ್ ಮೇಡಂ ಅವರದು.

"ಈಗ ಅವನು 'ನಿಮ್ಮ ನಾಯಿ ಬಹಳ ಉತ್ಸಾಹಿ' ಅಂದ ನೋಡಿ. ಅದರರ್ಥ, ಇನ್ನೊಂದು ಸಲ ಬೊಗಳಿದ್ರೆ ಪೊಲೀಸರಿಗೆ ಹೇಳ್ತೀನಿ ಅಂತ."

"ಹಾಗಿದ್ರೆ ಹಾಗೇ ಹೇಳಬಾರ್ದಾ?" ಎಂದರು ಗಾರ್ಡ್ ಮಾವ.

"ಹಾಗೇ ಹೇಳಿದ್ರೆ ಅದು ನ್ಯೂಸ್ ಆಗುತ್ತೆ ಮಾವ. ಕಾಮಿಡಿ ಆಗಲ್ಲ."

ಗಾರ್ಡ್ ಮಾವನಿಗೆ ಜೋಕು ತಲುಪುವುದು ಸ್ವಲ್ಪ ತಡ. ಅವರು ಕೆಲಸ ಮಾಡಿದ ರೈಲುಗಳ ಅಭ್ಯಾಸವಿರಬೇಕು. ನಮ್ಮ ನಗುವೆಲ್ಲ ಮುಗಿದು, ತೆರೆಯ ಮೇಲೆ ಯಾರೋ ಕಣ್ಣೊರೆಸಿಕೊಳ್ಳುತ್ತಿರುವಾಗ ಅವರ ನಗು ಬಂದು ನಿಲ್ಲುತ್ತಿತ್ತು. ಹೊಟ್ಟೆ ಹಿಡಿದುಕೊಂಡು, ಬಾಯಿ ಇಷ್ಟಗಲ ತೆರೆದು, ಕುರ್ಚಿ ಕಿರುಗುಟ್ಟುವಂತೆ ನಗುವವರು. ಬ್ಯಾಂಕ್ ಮೇಡಂ ಅವರ ಯಜಮಾನರು ಮಾತ್ರ ನಗುವುದೂ ಇಲ್ಲ, ಮಾತಾಡುವುದೂ ಇಲ್ಲ. ನೀರು ಸರಬರಾಜಿನ ಕಚೇರಿಯಲ್ಲಿ ಇಂಜಿನಿಯರು. ಮಾತನ್ನೂ ಸರದಿಯ ಮೇಲೆ ಬಿಡುತ್ತಾರೆ.

ಇನ್ನು ಅಡುಗೆ ಸ್ಪರ್ಧೆ. ಅದರಲ್ಲಿ ಒಬ್ಬ ಪೋಸ್ಟ್‌ಮ್ಯಾನ್, ಒಬ್ಬಳು ನರ್ಸು, ಒಬ್ಬ ಬಸ್ ಡ್ರೈವರು ಹೀಗೆ ಹತ್ತಾರು ಮಂದಿ. ಅವರ ಸೌಜನ್ಯ ನೋಡಿ ನನ್ನ ಹೆಂಡತಿ ಬೆರಗಾಗುತ್ತಿದ್ದಳು. "ನೋಡ್ರೀ, ಎದುರಾಳಿ ಕೇಕ್ ವಾಲ್ತಿದೆ ಅಂತ ತನ್ನ ಕೆಲಸ ಬಿಟ್ಟು ಓಡಿಬಂದು ಹಿಡ್ಕೊಂಡ. ನಮ್ಮ ಸ್ಟಾಫ್ ರೂಮಲ್ಲಿ ಸೀಮೆಸುಣ್ಣ ಬಿದ್ರೂ ಯಾರೂ ಬಗ್ಗಲ್ಲ."

ಆ ಸ್ಪರ್ಧೆಯ ತೀರ್ಪುಗಾರ ಒಬ್ಬ ಕಡ್ಡಿಯಂಥ ಮುದುಕ. ಮುಖದಲ್ಲಿ ಎದ್ದು ಕಾಣುವುದು ಎರಡು ಹುಬ್ಬು, ಹಾಗಾಗಿ ನಾವು ಅವನಿಗೆ ಹುಬ್ಬಪ್ಪ ಎಂದು ಹೆಸರಿಟ್ಟಿದ್ದೆವು. ಹುಬ್ಬಪ್ಪ ಹೊಗಳುವುದಿಲ್ಲ, ತೆಗಳುವುದೂ ಇಲ್ಲ. ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ಚಮಚವನ್ನು ಆ ತಿಂಡಿಯಲ್ಲೇ ನೆಟ್ಟಗೆ ನೆಟ್ಟು ಮುಂದಿನ ಮೇಜಿಗೆ ಹೋಗಿಬಿಡುತ್ತಾನೆ. ಆಯಿತು, ಆ ತಿಂಡಿಯ ಕಥೆ ಮುಗಿಯಿತು! ಆದರೆ ಯಾವಾಗಲೋ ಅಪರೂಪಕ್ಕೆ ಅವನ ಕೈ ಎರಡನೇ ಚಮಚಕ್ಕೆ ಹೋಗುತ್ತದೆ. ಹೋಯಿತೋ, ಮಾಡಿದವರು ಅಳುತ್ತಾರೆ, ಅವರ ಮನೆಯವರು ಅಳುತ್ತಾರೆ, ಇಲ್ಲಿ ನಮ್ಮ ಬ್ಯಾಂಕ್ ಮೇಡಂ ಅಳುತ್ತಾರೆ.

ಈ ಎರಡನೇ ಚಮಚ ನಮ್ಮ ಕಟ್ಟಡದ ಮನೆಮನೆಗೂ ನುಗ್ಗಿತು. ಗಾರ್ಡ್ ಮಾವ ತಾವೇ ಮಾಡಿಕೊಂಡ ಚಹಾವನ್ನು ಚಮಚದಲ್ಲಿ ಕುಡಿದು, ತಮಗೇ ಎರಡನೇ ಚಮಚ ಕೊಟ್ಟುಕೊಂಡರು. ಇಂಜಿನಿಯರು ಸೂಪಿಗೆ ಎರಡನೇ ಚಮಚ ಹಾಕಿದ್ದನ್ನು ಬ್ಯಾಂಕ್ ಮೇಡಂ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ನಮ್ಮ ಮನೆಯಲ್ಲಿ ಮಾತ್ರ ಅಂಥ ಶುಭ ಸಮಾಚಾರ ಯಾವುದೂ ಇರಲಿಲ್ಲ, ಏಕೆಂದರೆ ನಾನು ಹುಬ್ಬಪ್ಪನ ಪರಮ ಶಿಷ್ಯನಾಗಿದ್ದೆ. ಹೆಂಡತಿ ಏನೇ ಮಾಡಿಕೊಟ್ಟರೂ ಒಂದು ಚಮಚ, ಕಣ್ಣು ಮುಚ್ಚುವುದು, ಚಮಚ ನೆಡುವುದು. ಆಮೇಲೆ ಅವಳು ಅತ್ತ ಹೋದ ಮೇಲೆ ತಟ್ಟೆ ಖಾಲಿ ಮಾಡುವುದು.

ಹೀಗಿರುವಾಗ ಸ್ಪರ್ಧೆಯ ಫೈನಲ್ ಹತ್ತಿರ ಬಂತು. ಬ್ಯಾಂಕ್ ಮೇಡಂ ಒಂದು ಸೂಚನೆ ಮುಂದಿಟ್ಟರು. "ಫೈನಲ್‌ಗಿಂತ ಮುಂಚೆ ನಾವೂ ಒಂದು ಸ್ಪರ್ಧೆ ಇಟ್ಕೊಂಡ್ರೆ ಹೇಗೆ? ಹುಬ್ಬಪ್ಪನ ಜಾಗಕ್ಕೆ ಒಬ್ಬರು ಸಿಕ್ಕರೆ ಸಾಕು."

"ಡಾಕ್ಟ್ರೇ ಆಗ್ಲಿ," ಎಂದರು ಗಾರ್ಡ್ ಮಾವ. "ಸಿಹಿ ತಿನ್ನಬೇಡಿ, ಸಿಹಿ ತಿನ್ನಬೇಡಿ ಅಂತ ನಮ್ಮ ಪ್ರಾಣ ತೆಗೆಯೋರು ಅವರೇ ತಾನೆ? ಮೋಸ ಮಾಡಲ್ಲ."

"ಹೆಂಡತಿ ಕಡೆ ವಾಲಿದ್ರೆ?" ಎಂದರು ಇಂಜಿನಿಯರು. ಆ ತಿಂಗಳಲ್ಲಿ ಅವರು ಬಿಟ್ಟ ಮೊದಲ ಮಾತು ಅದು, ಅದೂ ನನಗೇ ನಾಟಬೇಕೇ! ಆಗಲೇ ನಾನು ಎದ್ದು ನಿಂತು ಮೇಲೆ ಹೇಳಿದ ಭೀಷಣ ಪ್ರತಿಜ್ಞೆ ಮಾಡಿದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಡತಿ ತಟ್ಟಲಿಲ್ಲ.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಖರ್ಜೂರದ ಬೀಜ ಬಿಡಿಸುತ್ತಾ ಅವಳು ಹೇಳಿದಳು. "ನಂಗೆ ಗೆಲ್ಲೋದು ಬೇಡ ಕಣ್ರೀ. ಚಪ್ಪಾಳೆನೂ ಬೇಡ. ಇಷ್ಟು ವರ್ಷ ನಾನು ಮಾಡಿ ಹಾಕಿದ್ದಕ್ಕೆ ನೀವು ಒಂದು ಸಲವೂ ತಲೆ ಎತ್ತಿ ನೋಡಿಲ್ಲ. ಒಂದೇ ಒಂದು ಸಲ, ನಾಲ್ಕು ಜನರ ಎದುರಿಗೆ, ಎರಡನೇ ಚಮಚ ತಗೊಳ್ಳಿ. ಅಷ್ಟು ಸಾಕು."

"ಯೋಗ್ಯತೆ ಇದ್ರೆ ಖಂಡಿತ," ಎಂದೆ ನಾನು, ಹುಬ್ಬು ಮೇಲೇರಿಸಿ.

"ಯೋಗ್ಯತೆ," ಎಂದಳು ಅವಳು. "ನಾನು ಸೊನ್ನೆ ತಗೊಂಡ ಹುಡುಗರಿಗೂ 'ಅಕ್ಷರ ಚೆನ್ನಾಗಿದೆ' ಅಂತ ಬರೆದು ಕೊಡ್ತೀನಿ."

ಇಷ್ಟರಲ್ಲಿ ನನ್ನ ಬಾಯಲ್ಲೇ ಒಂದು ಸಮಸ್ಯೆ ಎದ್ದಿತ್ತು. ಮೇಲಿನ ಎಡಗಡೆಯ ದವಡೆ ಹಲ್ಲಿನ ಕ್ಯಾಪು ಸಡಿಲವಾಗಿತ್ತು. ಮುಂದಿನ ರಸ್ತೆಯಲ್ಲೇ ನನ್ನ ಜೊತೆ ಓದಿದ ಹಲ್ಲಿನ ಡಾಕ್ಟರೊಬ್ಬನಿದ್ದಾನೆ. ಆದರೆ ಅವನೆದುರು ನಾನು ಬಾಯಿ ತೆರೆದು ಮಲಗುವುದೇ? ಊರಿಗೆಲ್ಲ ಸಾರುತ್ತಾನೆ! ನನ್ನ ಕ್ಲಿನಿಕ್ಕಿನಲ್ಲಿ, ನನ್ನದೇ ಕುರ್ಚಿಯಲ್ಲಿ, ಕನ್ನಡಿ ಹಿಡಿದುಕೊಂಡು ನಾನೇ ಕ್ಯಾಪನ್ನು ಅಂಟಿಸಿಕೊಂಡೆ. ಮೊದಲು ತಾತ್ಕಾಲಿಕ ಅಂಟು ಹಾಕಿ ಎರಡು ದಿನ ನೋಡಿ, ಆಮೇಲೆ ಗಟ್ಟಿ ಅಂಟು ಹಾಕುವುದು ಕ್ರಮ. 'ಇದು ತಾತ್ಕಾಲಿಕ, ಅಂಟು ಪದಾರ್ಥ ತಿನ್ನಬೇಡಿ, ತಪ್ಪದೆ ಬನ್ನಿ' ಎಂದು ರೋಗಿಗಳಿಗೆ ದಿನಾ ಹೇಳುತ್ತೇನೆ, ಅವರು ತಪ್ಪದೆ ಬರುತ್ತಾರೆ. ನನಗೆ ಹೇಳುವವರು ಯಾರೂ ಇರಲಿಲ್ಲ, ನಾನು ಬರಲಿಲ್ಲ.

ತಪ್ಪು, ಹೇಳುವವರು ಒಬ್ಬರಿದ್ದರು. "ರೀ, ಆ ಕ್ಯಾಪ್ ಪಕ್ಕಾ ಮಾಡ್ಕೊಂಡ್ರಾ?"

"ನನಗೇ ಹಲ್ಲಿನ ಪಾಠ ಹೇಳ್ತೀಯಾ?" ಎಂದುಬಿಟ್ಟೆ.

ಶನಿವಾರ ಬಂತು. ಗಾರ್ಡ್ ಮಾವನ ಊಟದ ಮೇಜಿನ ಮೇಲೆ ಮೂರು ಪಾತ್ರೆ, ಪಕ್ಕದಲ್ಲಿ ತೊಳೆದಿಟ್ಟ ಚಮಚಗಳು. ಕಟ್ಟಡದವರೆಲ್ಲ ಸುತ್ತ ನಿಂತಿದ್ದರು. ನಾನು ಮದುವೆಯ ಕೋಟು ಹಾಕಿಕೊಂಡಿದ್ದೆ. ಅದರ ಗುಂಡಿ ಹಾಕಲಾಗುತ್ತಿರಲಿಲ್ಲ, ಆದರೂ ಗಾಂಭೀರ್ಯಕ್ಕೇನೂ ಕೊರತೆಯಿರಲಿಲ್ಲ.

ಮೊದಲನೆಯದು ಗಾರ್ಡ್ ಮಾವನ ಬ್ರೆಡ್ಡು. ಒಂದು ಚೂರು ಮುರಿಯಲು ಎರಡು ಕೈ ಬೇಕಾಯಿತು. ಅದನ್ನು ಬಲಗಡೆಯಿಂದ ಹುಷಾರಾಗಿ ಅಗಿದೆ. ನಿಯಮದ ಪ್ರಕಾರ ಚಮಚ ನೆಡಲು ಹೋದರೆ ಒಳಗೆ ಇಳಿಯಲೇ ಇಲ್ಲ. ಪಕ್ಕದಲ್ಲಿ ಮಲಗಿಸಿದೆ.

"ಪರವಾಗಿಲ್ಲ ಬಿಡಿ," ಎಂದರು ಗಾರ್ಡ್ ಮಾವ. "ನಾನೇ ಬೆಳಿಗ್ಗೆಯಿಂದ ಅಗೀತಾ ಇದೀನಿ."

ಎರಡನೆಯದು ನನ್ನ ಹೆಂಡತಿಯದು. ಖರ್ಜೂರದ ಕೇಕು, ಅದರ ಮೇಲೆ ಕಂದು ಬಣ್ಣ ಬರುವವರೆಗೆ ಕಾಸಿದ ಸಕ್ಕರೆ ಮತ್ತು ಬೆಣ್ಣೆಯ ಪಾಕ. ಚಮಚ ಇಳಿಸಿದರೆ ಪಾಕ ನೂಲಿನಂತೆ ಎಳೆದುಕೊಂಡು ಬಂತು. ಬಾಯಿಗಿಟ್ಟೆ. ನಾನು ಸುಳ್ಳು ಹೇಳುವುದಿಲ್ಲ! ಅಷ್ಟು ಮೆತ್ತಗೆ, ಅಷ್ಟು ಬಿಸಿಬಿಸಿ, ಅಷ್ಟು ಹದ. ಇದನ್ನು ಮಾಡಿದವಳು ನನ್ನ ಮನೆಯಲ್ಲೇ ಇದ್ದಾಳೆಯೇ ಎಂದು ಆಶ್ಚರ್ಯವಾಯಿತು. ಕಣ್ಣು ಮುಚ್ಚಿಕೊಂಡೇ ಕೈ ತಾನಾಗಿ ಎರಡನೇ ಚಮಚಕ್ಕೆ ಹೊರಟಿತ್ತು.

ಕಣ್ಣು ಬಿಟ್ಟೆ. ಎದುರಿಗೆ ಇಂಜಿನಿಯರು ನನ್ನ ಕೈಯನ್ನೇ ನೋಡುತ್ತಿದ್ದರು. 'ನಾನು ಹೇಳಿರಲಿಲ್ವಾ' ಎಂಬ ಮಾತು ಅವರ ತುಟಿಯವರೆಗೆ ಬಂದು ಕೂತಿತ್ತು. ನನ್ನ ಪ್ರತಿಜ್ಞೆ, ನನ್ನ ಕೋಟು, ನನ್ನ ಮರ್ಯಾದೆ! ಚಮಚವನ್ನು ಕೇಕಿನ ನಟ್ಟನಡುವೆ, ಬುಡದವರೆಗೆ ಇಳಿಯುವಂತೆ ನೆಟ್ಟುಬಿಟ್ಟೆ.

ಹೆಂಡತಿ ಚಮಚ ಕಿತ್ತು ಸಿಂಕಿಗೆ ಹಾಕಿದಳು, ಕೇಕಿನ ಡಬ್ಬಿಯ ಮುಚ್ಚಳ ಹಾಕಿದಳು, ಚೀಲದಲ್ಲಿಟ್ಟುಕೊಂಡು ಹೋಗಿ ಕುರ್ಚಿಯಲ್ಲಿ ಕೂತಳು. ಅವಳ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದೆ. ಆದರೂ ನ್ಯಾಯ ಅಂದರೆ ನ್ಯಾಯ ಎಂದುಕೊಂಡು ಮುಂದಿನ ಪಾತ್ರೆಗೆ ಹೋದೆ.

ಮೂರನೆಯದು ಬ್ಯಾಂಕ್ ಮೇಡಂ ಅವರದು. ಬಕೆಟ್ಟಿನಷ್ಟು ದೊಡ್ಡ ಗಾಜಿನ ಬಟ್ಟಲು, ಅದರೊಳಗೆ ಪದರ ಪದರವಾಗಿ ಪುಡಿಂಗು, ಕೆನೆ, ಹಣ್ಣು, ನಡುನಡುವೆ ಹುರಿದ ಬಾದಾಮಿ. ಹೊಸ ಚಮಚ ತೆಗೆದುಕೊಂಡು ಒಂದು ತುತ್ತು ತಿಂದೆ. ಚೆನ್ನಾಗಿತ್ತು, ಅಷ್ಟೆ. ಚಮಚ ನೆಡೋಣ ಎಂದು ಕೈ ಎತ್ತುವಾಗ ನಾಲಿಗೆ ಅಭ್ಯಾಸಬಲದಿಂದ ಮೇಲಿನ ಎಡಗಡೆಗೆ ಹೋಯಿತು.

ಅಲ್ಲಿ ಕ್ಯಾಪು ಇರಲಿಲ್ಲ!

ನಾಲಿಗೆಯಿಂದ ಬಾಯಿಯ ಮೂಲೆಮೂಲೆ ಗುಡಿಸಿದೆ. ಇಲ್ಲ. ನುಂಗಿದರೆ ಗೊತ್ತಾಗುತ್ತಿತ್ತು, ನುಂಗಿಲ್ಲ. ಹಾಗಾದರೆ ಈಗ ತಿಂದ ತುತ್ತಿನಲ್ಲಿ ಕಳಚಿ ಈ ಬಟ್ಟಲಿಗೇ ಬಿದ್ದಿರಬೇಕು. ಇನ್ನೈದು ನಿಮಿಷದಲ್ಲಿ ಇದನ್ನು ಎಲ್ಲರಿಗೂ ಹಂಚುತ್ತಾರೆ. ಯಾರೋ ಕಚ್ಚುತ್ತಾರೆ, ಬಾಯಿಂದ ತೆಗೆದು ಎತ್ತಿ ಹಿಡಿಯುತ್ತಾರೆ, ಇದೇನು ಡಾಕ್ಟ್ರೇ ಎಂದು ಕೇಳುತ್ತಾರೆ. ಈ ಕೋಣೆಯಲ್ಲಿ ಅರ್ಧ ಬಾಯಿಗಳಲ್ಲಿ ನಾನೇ ಹಾಕಿದ ಕ್ಯಾಪುಗಳಿವೆ. ಹಲ್ಲಿನ ಡಾಕ್ಟರ ಹಲ್ಲೇ ಪುಡಿಂಗಿಗೆ ಉದುರಿತು ಎಂದು ತಿಳಿದರೆ ನಾಳೆಯಿಂದ ನನ್ನ ಕ್ಲಿನಿಕ್ಕಿಗೆ ಬರುವವರು ಯಾರು? ಹೇಗಾದರೂ ಸದ್ದಿಲ್ಲದೆ ಹುಡುಕಿ ತೆಗೆಯಬೇಕು. ಚಮಚ ಇಳಿಸಿ ಇನ್ನೊಂದು ತುತ್ತು ತೆಗೆದು ಬಾಯಿಗಿಟ್ಟೆ.

ಕೋಣೆಯಲ್ಲಿ ಹೋ ಎಂದು ಸದ್ದೆದ್ದಿತು. "ಎರಡನೇ ಚಮಚ!"

ಬ್ಯಾಂಕ್ ಮೇಡಂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಆಗ ನನಗೆ ನಾನು ಏನು ಮಾಡಿದೆ ಎಂದು ಹೊಳೆಯಿತು. ಆದರೆ ಆ ತುತ್ತಿನಲ್ಲಿ ಕ್ಯಾಪು ಸಿಗಲಿಲ್ಲ! ಮೂರನೇ ಚಮಚ ಹಾಕಿದೆ. ಹಲ್ಲಿಗೆ 'ಕಟ್' ಎಂದು ಏನೋ ಸಿಕ್ಕಿತು. ಸಿಕ್ಕಿತು ಎಂದು ಮುಖ ಅರಳಿತು. ಬಾದಾಮಿ! ನಾಲ್ಕನೇ ಚಮಚ ಆಳಕ್ಕೆ ಇಳಿಸಿದೆ. ಮತ್ತೆ 'ಕಟ್', ಮತ್ತೆ ಮುಖ ಅರಳಿತು, ಮತ್ತೆ ಬಾದಾಮಿ. ಈ ಹೆಂಗಸು ಇಡೀ ಚೀಲ ಸುರಿದಿದ್ದಾರೆ! ಐದು. ಆರು.

"ಮುಖ ನೋಡಿ, ಮುಖ ನೋಡಿ," ಎಂದರು ಗಾರ್ಡ್ ಮಾವ. "ಒಂದೊಂದು ತುತ್ತಿಗೂ ಹೇಗೆ ಅರಳುತ್ತೆ ನೋಡಿ."

"ಹುಬ್ಬಪ್ಪನೂ ಯಾರಿಗೂ ಮೂರನೇದು ತಗೊಂಡಿಲ್ಲ," ಎಂದು ಬ್ಯಾಂಕ್ ಮೇಡಂ ಅಳುತ್ತಾ ನಗುತ್ತಾ ಹೇಳಿದರು. "ಸಾಕು ಡಾಕ್ಟ್ರೇ, ನಂಗೆ ತಡ್ಕೊಳ್ಳೋಕೆ ಆಗ್ತಿಲ್ಲ."

ಏಳನೇ ಚಮಚದ ಹೊತ್ತಿಗೆ ಇಂಜಿನಿಯರು ಬಾಯಿಬಿಟ್ಟರು. "ಮಧ್ಯಾಹ್ನ ಊಟ ಮಾಡಿರ್ಲಿಲ್ವಾ?"

ನಾನು ಚಮಚ ಕೆಳಗಿಟ್ಟೆ. ಬ್ಯಾಂಕ್ ಮೇಡಂ ಗೆದ್ದರೆಂದು ನಾನು ಹೇಳುವ ಅಗತ್ಯವೇ ಇರಲಿಲ್ಲ. ಹೆಂಡತಿ ಟಿವಿಯ ಕಪ್ಪು ಪರದೆಯನ್ನೇ ನೋಡುತ್ತಾ ಕೂತಿದ್ದಳು.

ಹಂಚುವಾಗ "ನಾನೇ ಬಡಿಸ್ತೀನಿ, ನಾನೇ ಬಡಿಸ್ತೀನಿ" ಎಂದು ಸೌಟು ಕಿತ್ತುಕೊಂಡೆ. ನಾನು ಅಗೆದ ಮೂಲೆಯನ್ನು ನನ್ನ ಪಾಲಿಗೆ ಇಟ್ಟುಕೊಂಡು, ಉಳಿದದ್ದರಲ್ಲಿ ಒಂದೊಂದು ಸೌಟನ್ನೂ ಬೆಳಕಿಗೆ ಹಿಡಿದು ನೋಡಿ ಹಾಕಿದೆ. "ನಿಧಾನಕ್ಕೆ ಅಗೀರಿ, ಪೂರ್ತಿ ಅಗಿದು ನುಂಗಿ," ಎಂದು ಎಲ್ಲರಿಗೂ ಬೋಧಿಸಿದೆ. ಹಲ್ಲಿನ ಡಾಕ್ಟರಲ್ಲವೇ, ಯಾರಿಗೂ ಸಂಶಯ ಬರಲಿಲ್ಲ.

ಟಿವಿ ಹಾಕಿದರು. ಕಾಮಿಡಿ ಶುರುವಾಯಿತು. ಅಂದು ಸೇಬಿನ ಮರದವನು ನೆರೆಯವನಿಗೆ ಎಲೆ ಗುಡಿಸಲೆಂದು ಹೊಸ ಪೊರಕೆಯೊಂದನ್ನು ಬಣ್ಣದ ಕಾಗದದಲ್ಲಿ ಸುತ್ತಿ ಉಡುಗೊರೆ ಕೊಡುತ್ತಾನೆ. ನೆರೆಯವನು ಕಣ್ಣಂಚಿನಲ್ಲಿ ನೀರು ತಂದುಕೊಂಡು ಧನ್ಯವಾದ ಹೇಳುತ್ತಾನೆ. ಕೋಣೆಯಲ್ಲಿ ನಗುವಿನ ಅಲೆ ಎದ್ದಿತು. ಜನ ಪುಡಿಂಗು ತುಂಬಿದ ಬಾಯಿ ತೆರೆದು ತೆರೆದು ನಗುತ್ತಿದ್ದರು, ನಾನು ಬಗ್ಗಿ ಬಗ್ಗಿ ಅವರ ಬಾಯಿಯೊಳಗೆ ಇಣುಕುತ್ತಿದ್ದೆ.

"ಏನು ಡಾಕ್ಟ್ರೇ, ಶನಿವಾರವೂ ಡ್ಯೂಟಿನಾ?" ಎಂದರು ಯಾರೋ.

ನಗು ಮುಗಿಯಿತು. ಬಟ್ಟಲುಗಳು ಖಾಲಿಯಾಗುತ್ತಾ ಬಂದವು. ಆಗ ತಡವಾಗಿ ಹೊರಟಿದ್ದ ಗಾರ್ಡ್ ಮಾವನ ನಗು ಬಂತು. ಬಾಯಿ ಅಗಲವಾಗಿ ತೆರೆದು, ಭುಜ ಕುಣಿಸಿ ನಗುತ್ತಿದ್ದವರು ಥಟ್ಟನೆ ನಿಂತರು. ಗುಳುಕ್ ಎಂದಿತು.

"ಏನೋ ಗಟ್ಟಿಯಾದ್ದು ಹೋಯ್ತಲ್ಲ ಒಳಗೆ," ಎಂದರು ಗಂಟಲು ಸವರಿಕೊಳ್ಳುತ್ತಾ.

ಎಲ್ಲರೂ ನನ್ನ ಕಡೆ ನೋಡಿದರು. ಸಿಕ್ಕಿತು ನನ್ನ ಕ್ಯಾಪು, ಸಿಗಬಾರದ ಜಾಗದಲ್ಲಿ! ಅಂಥದ್ದು ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ದಾರಿ ಹಿಡಿದು ಹೊರಗೆ ಹೋಗುತ್ತದೆ ಎಂದು ವೈದ್ಯಬುದ್ಧಿ ಹೇಳಿತು. ಉಳಿದದ್ದನ್ನು ಹೇಡಿಬುದ್ಧಿ ಹೇಳಿತು.

"ಬಾದಾಮಿ," ಎಂದೆ. "ನೀರು ಕುಡೀರಿ ಮಾವ."

ಮೆಟ್ಟಿಲು ಹತ್ತುವಾಗ ಹೆಂಡತಿ ಮುಂದೆ, ನಾನು ಹಿಂದೆ. ಒಳಗೆ ಬಂದು, ದೀಪ ಹಾಕಿ, ಅಡುಗೆಮನೆಯ ಮೇಜಿನ ಮೇಲೆ ಕೇಕಿನ ಡಬ್ಬಿ ಇಟ್ಟು ಒಂದೇ ಪದ ಹೇಳಿದಳು.

"ಏಳು."

"ಕೂತೇ ಇಲ್ವಲ್ಲೇ."

"ಏಳು ಚಮಚ ಕಣ್ರೀ. ಗಣಿತದವಳು ನಾನು, ಎಣಿಸ್ತಾ ಕೂತಿದ್ದೆ. ನಂಗೆ ಒಂದು, ಅವರಿಗೆ ಏಳು. ಅದೂ ಒಂದೊಂದಕ್ಕೂ ಮುಖ ಹೇಗೆ ಅರಳ್ತಿತ್ತು. ಮದುವೆ ದಿನವೂ ನಿಮ್ಮ ಮುಖ ಹಾಗೆ ಅರಳಿರ್ಲಿಲ್ಲ."

"ಅದು ರುಚಿಗಲ್ಲ ಕಣೇ. ಹುಡುಕ್ತಿದ್ದೆ."

"ಏನನ್ನ?"

ಬೇರೆ ದಾರಿ ಇರಲಿಲ್ಲ. ಕುರ್ಚಿಯಲ್ಲಿ ಕೂತು ಬಾಯಿ ತೆರೆದೆ. ಅವಳು ಫೋನಿನ ಬೆಳಕು ಬಿಟ್ಟು ಒಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಅಷ್ಟು ಹೊತ್ತೂ ನಾನು ಬಾಯಿ ತೆರೆದೇ ಕೂತಿದ್ದೆ, ರೋಗಿಗಳಿಗೆ ಎಷ್ಟು ಕಷ್ಟ ಎಂದು ಅಂದೇ ಗೊತ್ತಾಯಿತು.

"ಬಿದ್ದುಹೋಯ್ತಾ?"

"ಆಂ."

"ಅವರ ಪುಡಿಂಗಲ್ಲಾ?"

"ಆಂ. ಗಾರ್ಡ್ ಮಾವ ನುಂಗಿದ್ರು."

ಅವಳು ಫೋನ್ ಕೆಳಗಿಟ್ಟಳು. ನಗುತ್ತಾಳೇನೋ ಎಂದು ಆಸೆಯಿಂದ ನೋಡಿದೆ, ನಗಲಿಲ್ಲ. "ಅದು ಹಾಗಿರ್ಲಿ. ನನ್ನ ಕೇಕು ಹೇಗಿತ್ತು? ನಿಜ ಹೇಳಿ."

"ನಿಜ ಹೇಳ್ಲಾ? ಅಂಥದ್ದನ್ನ ನಾನು ಜನ್ಮದಲ್ಲಿ ತಿಂದಿಲ್ಲ."

"ಮತ್ತೆ ಚಮಚ ಯಾಕೆ ನೆಟ್ರಿ?"

"ಹೆಂಡತಿ ಕಡೆ ವಾಲಿದ ಅಂತಾರೆ ಅಂತ."

"ಅಂದ್ರೆ ಅವರೇನಂತಾರೆ ಅನ್ನೋದಕ್ಕೆ ಹೆದರಿ, ನನ್ನ ಮುಖ ನೋಡ್ಲಿಲ್ಲ." ಅವಳು ಅದನ್ನು ಬೈದ ಹಾಗೂ ಹೇಳಲಿಲ್ಲ, ಲೆಕ್ಕ ಬಿಡಿಸಿ ಉತ್ತರ ಬರೆದ ಹಾಗೆ ಹೇಳಿದಳು. ನನಗೆ ಬಹಳ ನಾಚಿಕೆಯಾಯಿತು.

ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, ಒಂದು ಚಮಚ ತೆಗೆದುಕೊಂಡು, ನನ್ನನ್ನು ಕೇಳದೆ ತಾನೊಬ್ಬಳೇ ತಿನ್ನತೊಡಗಿದಳು. ಅಂಚಿನಿಂದ ಒಂದು ತುತ್ತು ತಿಂದಳು. ಚೆನ್ನಾಗಿದೆ ಎಂದು ತಾನೇ ತಲೆದೂಗಿದಳು. ನಾನು ಚಮಚ ನೆಟ್ಟಿದ್ದ ಗುಳಿಯ ಹತ್ತಿರ ಇನ್ನೊಂದು ತುತ್ತು ತೆಗೆದು ಬಾಯಿಗಿಟ್ಟಳು.

'ಕಟಕ್' ಎಂದಿತು.

ಅವಳು ಅಗಿಯುವುದನ್ನು ನಿಲ್ಲಿಸಿ, ಬಾಯಿಂದ ಏನನ್ನೋ ತೆಗೆದು, ನಲ್ಲಿಯಲ್ಲಿ ತೊಳೆದು ನನ್ನ ಮುಂದಿಟ್ಟಳು. ಮುತ್ತಿನಂಥ ಕ್ಯಾಪು! ಮೇಲಿನ ಎಡಗಡೆಯದು, ನನ್ನದೇ. ಪಾಕಕ್ಕೆ ಅಂಟಿಕೊಂಡು ಚಮಚದ ಜೊತೆ ಹೊರಗೆ ಬಂದದ್ದನ್ನು ನಾನೇ ನನ್ನ ಕೈಯಾರೆ ಕೇಕಿನೊಳಗೆ ನೆಟ್ಟಿದ್ದೆ. ಕಣ್ಣು ಮುಚ್ಚಿ ಗಾಂಭೀರ್ಯ ನಟಿಸುವ ಭರದಲ್ಲಿ ಹಲ್ಲು ಹೋದದ್ದೂ ಗೊತ್ತಾಗಿರಲಿಲ್ಲ.

"ಎರಡನೇ ಚಮಚ ತಗೊಂಡಿದ್ರೆ ನಿಮಗೇ ಸಿಗ್ತಿತ್ತು," ಎಂದಳು ಹೆಂಡತಿ.

ನಾನು ತಲೆ ತಗ್ಗಿಸಿದೆ. ಆದರೆ ಒಳಗೊಳಗೇ ದೊಡ್ಡ ಭಾರ ಇಳಿದಿತ್ತು. ಕ್ಯಾಪು ಇಲ್ಲಿದೆ ಎಂದ ಮೇಲೆ ಗಾರ್ಡ್ ಮಾವ ನುಂಗಿದ್ದು ನಿಜವಾಗಿಯೂ ಬಾದಾಮಿ! ನಾನು ಹೇಳಿದ ಸುಳ್ಳು ತಾನಾಗಿ ಸತ್ಯವಾಗಿತ್ತು. ಎಷ್ಟು ಜನಕ್ಕೆ ಇಂಥ ಭಾಗ್ಯ ಸಿಗುತ್ತದೆ?

"ಮುಂದಿನ ಶನಿವಾರ ಇದನ್ನೆಲ್ಲ ಎಲ್ಲರ ಎದುರು ಹೇಳ್ತೀರಿ," ಎಂದಳು.

"ನನ್ನ ಕ್ಲಿನಿಕ್ಕು?"

"ನನ್ನ ಕೇಕು?"

ಸೋಮವಾರ ಮುಂದಿನ ರಸ್ತೆಯ ಆ ಗೆಳೆಯನ ಕುರ್ಚಿಯಲ್ಲೇ ಬಾಯಿ ತೆರೆದು ಮಲಗಿ ಕ್ಯಾಪನ್ನು ಗಟ್ಟಿ ಮಾಡಿಸಿಕೊಂಡೆ. ಅವನು ನಕ್ಕ. ನಾನು ಬಾಯಿ ತುಂಬ ಹತ್ತಿ ಇಟ್ಟುಕೊಂಡು ಅನುಭವಿಸಿದೆ.

ಶನಿವಾರ ಫೈನಲ್. ಕೋಣೆ ಕಿಕ್ಕಿರಿದಿತ್ತು. ಪೋಸ್ಟ್‌ಮ್ಯಾನ್ ಗೆಲ್ಲುತ್ತಾನೆ ಎಂದು ಒಂದು ಪಕ್ಷ, ನರ್ಸು ಗೆಲ್ಲುತ್ತಾಳೆ ಎಂದು ಇನ್ನೊಂದು ಪಕ್ಷ.

"ಪೋಸ್ಟ್‌ಮ್ಯಾನ್ ಕೈ ನಡುಗುತ್ತೆ, ಕೆನೆ ಹಾಕೋಕೆ ಬರಲ್ಲ," ಎಂದರು ಬ್ಯಾಂಕ್ ಮೇಡಂ.

"ನರ್ಸಿಗೆ ಏನೂ ಬೀಳಿಸದೇ ಇರೋದು ಅಭ್ಯಾಸ. ಅವಳೇ," ಎಂದಳು ನನ್ನ ಹೆಂಡತಿ. ಅವಳ ಮಡಿಲಲ್ಲಿ ಹೊಸದಾಗಿ ಮಾಡಿದ ಖರ್ಜೂರದ ಕೇಕಿನ ಡಬ್ಬಿಯಿತ್ತು. ಮೊಣಕೈಯಿಂದ ನನ್ನನ್ನು ತಿವಿದಳು. ಎದ್ದು ನಿಂತೆ. ಈ ಸಲ ಎದೆ ತಟ್ಟಿಕೊಳ್ಳಲಿಲ್ಲ.

ಎಲ್ಲವನ್ನೂ ಹೇಳಿದೆ. ತಾತ್ಕಾಲಿಕ ಅಂಟು, ಕನ್ನಡಿ, ಪಾಕ, ಏಳು ಚಮಚ, ಎಲ್ಲ. ಹೇಳಿ ಮುಗಿಸಿ, ಹೆಂಡತಿಯ ಕೇಕಿನಿಂದ ಒಂದು ಚಮಚ ತಿಂದೆ. ಎಲ್ಲರೂ ನೋಡುತ್ತಿದ್ದಂತೆ ಎರಡನೆಯದನ್ನೂ ತಿಂದೆ. ಮೂರನೆಯದನ್ನು ಯಾರೂ ಬಲವಂತ ಮಾಡಲಿಲ್ಲ, ನಾನೇ ತಿಂದೆ. ಹೆಂಡತಿಯ ಮುಖ ಅರಳಿತು, ಮದುವೆ ದಿನಕ್ಕಿಂತ ಹೆಚ್ಚಾಗಿ. ಆ ಮುಖಕ್ಕಾಗಿ ಕ್ಲಿನಿಕ್ಕು ಮುಚ್ಚಿದರೂ ಮುಚ್ಚಲಿ ಎನಿಸಿತು.

ಬ್ಯಾಂಕ್ ಮೇಡಂ ಎದ್ದು ಬಂದು, ಒಂದು ಚಮಚ ಕೇಕು ತಿಂದು, ನನ್ನ ಹೆಂಡತಿಯನ್ನು ನೋಡುತ್ತಾ ಇನ್ನೊಂದು ಚಮಚ ತೆಗೆದುಕೊಂಡರು. "ನಿಮ್ಮ ಯಜಮಾನ್ರು ನನ್ನ ಪುಡಿಂಗ್ ಬಗ್ಗೆ ಬಹಳ ಉತ್ಸಾಹ ತೋರಿಸಿದ್ರು ಅಂದ್ಕೊಂಡಿದ್ದೆ," ಎಂದರು. ಇಬ್ಬರೂ ಕೈ ಹಿಡಿದುಕೊಂಡು ನಕ್ಕರು. ಇಂಜಿನಿಯರೂ ನಕ್ಕರು. ಯಾರೂ ನನ್ನ ವೃತ್ತಿಯ ಬಗ್ಗೆ ಒಂದು ಮಾತಾಡಲಿಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಂಡು ಕೂತೆ.

ಟಿವಿಯಲ್ಲಿ ಹುಬ್ಬಪ್ಪ ಚಮಚ ಕೈಗೆತ್ತಿಕೊಂಡಿದ್ದ. ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಆಗ ಗಾರ್ಡ್ ಮಾವ ಕುರ್ಚಿಯಲ್ಲಿ ಮೆಲ್ಲಗೆ ನನ್ನ ಕಡೆ ತಿರುಗಿದರು.

"ಅಲ್ಲ ಡಾಕ್ಟ್ರೇ. ನಿಮ್ಮ ಕ್ಯಾಪು ನಿಮ್ಮ ಮನೆ ಕೇಕಲ್ಲೇ ಸಿಕ್ತು ಅಂದ್ರಲ್ಲ."

"ಹೌದು ಮಾವ."

"ಹಾಗಾದ್ರೆ ನಾನು ನುಂಗಿದ್ದು?"

"ಬಾದಾಮಿ ಮಾವ. ಅವತ್ತೇ ಹೇಳಿದ್ನಲ್ಲ."

"ಒಂಚೂರು ನೋಡಿ," ಎಂದು ಅವರು ಬಾಯಿ ಇಷ್ಟಗಲ ತೆರೆದರು. ಹೆಂಡತಿ ಫೋನಿನ ಬೆಳಕು ಬಿಟ್ಟಳು. ಟಿವಿ ಬಿಟ್ಟು ಎಲ್ಲರೂ ಬಗ್ಗಿ ನೋಡಿದರು. ಕೆಳಗಿನ ಬಲಗಡೆ, ಹೋದ ತಿಂಗಳು ನಾನೇ ನನ್ನ ಕೈಯಾರೆ, ಗಟ್ಟಿ ಅಂಟು ಹಾಕಿ ಕೂರಿಸಿದ ಕ್ಯಾಪಿನ ಜಾಗದಲ್ಲಿ ಬೋಳು ಹಲ್ಲೊಂದು ನಿಂತು ನನ್ನನ್ನೇ ನೋಡುತ್ತಿತ್ತು.

"ಮಾವ," ಎಂದೆ. "ಒಂದು ವಾರದಿಂದ ಇದು ಹೀಗೇ ಇದ್ಯಾ? ನಿಮಗೆ ಗೊತ್ತಾಗ್ಲಿಲ್ವಾ?"

"ಆಗಲೇ ಗೊತ್ತಾಗಿತ್ತಪ್ಪ," ಎಂದರು ಗಾರ್ಡ್ ಮಾವ ಬಾಯಿ ಒರೆಸಿಕೊಳ್ಳುತ್ತಾ. "ಆದ್ರೆ ಹಲ್ಲಿನ ಡಾಕ್ಟ್ರೇ ಎದುರಿಗೆ ನಿಂತು ಬಾದಾಮಿ ಅಂದ ಮೇಲೆ, ಅಲ್ಲ ಹಲ್ಲು ಅನ್ನೋಕೆ ನಾನ್ಯಾರು?"